ಜಿಎಲ್‌ಪಿ-1 ಮತ್ತು ಶುಗರ್ ಇರುವವರ ಕಿಡ್ನಿ: ಓದುವವರಿಗೊಂದು ಟಿಪ್ಪಣಿ

ಕಾರವಾರದ ಕಡೆ ಬೆಳಿಗ್ಗೆ ಗಂಜಿ ಉಣ್ಣುವವರು ಇನ್ನೂ ಇದ್ದಾರೆ. ಆ ಗಂಜಿ ಕರುಳಿಗೆ ಇಳಿದ ಕೂಡಲೇ ಅಲ್ಲಿನ ಎಲ್ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಇನ್ಸುಲಿನ್ ಹೆಚ್ಚುತ್ತದೆ, ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನ್ ತಗ್ಗುತ್ತದೆ. ಗ್ಲೂಕೋಸನ್ನು ಡ್ರಿಪ್‌ನಲ್ಲಿ ಕೊಟ್ಟು ರಕ್ತದ ಸಕ್ಕರೆಯನ್ನು ಅಷ್ಟೇ ಏರಿಸಿದರೂ ಇನ್ಸುಲಿನ್ ಅಷ್ಟು ಬರುವುದಿಲ್ಲ. ಇದೇ ಇನ್‌ಕ್ರೆಟಿನ್ ಪರಿಣಾಮ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವ ಪ್ರಶ್ನೆ, ಬಿಡಬೇಡಿ.

ತೊಂದರೆ ಏನೆಂದರೆ ಡಿಪಿಪಿ-4 ಕಿಣ್ವ ಇದನ್ನು ಎರಡೇ ನಿಮಿಷದಲ್ಲಿ ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ಔಷಧಿಯಾಗಿ ಕೊಡುವುದು ಅದನ್ನೇ ಹೋಲುವ, ಹೆಚ್ಚು ಹೊತ್ತು ಉಳಿಯುವ ಅಣುಗಳನ್ನು. ಮೊದಲನೆಯದು 2005ರಲ್ಲಿ ಬಂದ ಎಕ್ಸೆನಟೈಡ್. ಅದರ ಮೂಲ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು! ಈಗಿನ ಸೆಮಾಗ್ಲುಟೈಡ್ ಅನ್ನು ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕು.

ಸಕ್ಕರೆ ಇಳಿದರೆ ಅಂಗಗಳು ಉಳಿಯುತ್ತವೆ, ಇದರಲ್ಲೇನು ವಿಶೇಷ ಅಂತ ಅನ್ನಿಸಬಹುದು ಅಲ್ವಾ? 2016ರ ಲೀಡರ್ ಅಧ್ಯಯನ ನೋಡಿ. 9340 ಜನ, ಒಂದು ಗುಂಪಿಗೆ ಇದೇ ಬಗೆಯ ಔಷಧಿ ಲಿರಾಗ್ಲುಟೈಡ್, ಇನ್ನೊಂದಕ್ಕೆ ಔಷಧಿಯಿಲ್ಲದ ಚುಚ್ಚುಮದ್ದು. ಎರಡು ಗುಂಪುಗಳ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ, ಶೇಕಡಾದಲ್ಲಿ ಅಳೆಯುವ ರಕ್ತಪರೀಕ್ಷೆ) ನಡುವಿನ ಅಂತರ ಬರೀ 0.4 ಶೇಕಡಾ ಅಂಶದಷ್ಟು. ಆದರೂ ಹೃದ್ರೋಗದ ಸಾವು, ಹೃದಯಾಘಾತ, ಪಾರ್ಶ್ವವಾಯು ಒಟ್ಟು ಸೇರಿ 13% ಕಡಿಮೆಯಾದವು. ಅಷ್ಟು ಸಣ್ಣ ಅಂತರದಿಂದಲೇ ಇಷ್ಟೆಲ್ಲ ಆಯಿತು ಎನ್ನುವುದು ಕಷ್ಟ. ತೂಕ ಇಳಿಯುತ್ತದೆ, ಬಿಪಿ ಸ್ವಲ್ಪ ತಗ್ಗುತ್ತದೆ, ಉರಿಯೂತ ಕಡಿಮೆಯಾಗುತ್ತದೆ. ಕಿಡ್ನಿಯೊಳಗಿನ ಮೂತ್ರದ ಸಣ್ಣ ನಳಿಕೆಗಳಲ್ಲಿ ಸೋಡಿಯಂ ವಾಪಸ್ ಹೀರಿಕೊಳ್ಳುವುದೂ ತಗ್ಗುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ. ಆಕ್ಸಿಡೇಟಿವ್ ಒತ್ತಡ (ಆಮ್ಲಜನಕದ ಚುರುಕು ಅಣುಗಳು ಕೋಶಗಳಿಗೆ ಮಾಡುವ ಹಾನಿ) ತಗ್ಗುವ ವಿವರಗಳು ಹೆಚ್ಚಾಗಿ ಇಲಿಗಳ ಪ್ರಯೋಗದಿಂದ ಬಂದವು. ಉತ್ತರದಲ್ಲಿ ಹಾಗೆಂದೇ ಬರೆಯಿರಿ.

ಕಿಡ್ನಿಗೆಂದೇ ನಡೆದ ದೊಡ್ಡ ಪರೀಕ್ಷೆ 2024ರ ಫ್ಲೋ. ಟೈಪ್ 2 ಮಧುಮೇಹದ ಜೊತೆ ಕಿಡ್ನಿ ಕಾಯಿಲೆಯೂ ಇದ್ದ 3533 ಜನ, ಔಷಧಿ ಸೆಮಾಗ್ಲುಟೈಡ್. ಕಿಡ್ನಿ ಕೈಕೊಡುವುದು, ಅದರ ಶಕ್ತಿ ಅರ್ಧಕ್ಕಿಳಿಯುವುದು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವೆಲ್ಲ ಸೇರಿ 24% ಕಡಿಮೆ. ಈ ಅಂಕಿ ನೋಡಿ ನೂರಕ್ಕೆ 24 ಜನ ಉಳಿದರು ಅಂದುಕೊಳ್ಳಬೇಡಿ. ಔಷಧಿಯಿಲ್ಲದೆ ಸುಮ್ನೆ ಚುಚ್ಚಿದ ಗುಂಪಿನಲ್ಲಿ 410 ಜನರಿಗೆ ತೊಂದರೆಯಾದರೆ, ಔಷಧಿಯ ಗುಂಪಿನಲ್ಲಿ 331. ಅಂದರೆ ನೂರಕ್ಕೆ ಸುಮಾರು ನಾಲ್ಕೈದು ಜನರ ವ್ಯತ್ಯಾಸ. ನನ್ನ ಮಟ್ಟಿಗೆ ಅದೂ ಸಣ್ಣದಲ್ಲ.

ಕಣ್ಣಿನ ಕಥೆ ಬೇರೆ. 2016ರ ಸಸ್ಟೇನ್-6 ಅಧ್ಯಯನದಲ್ಲಿ ರೆಟಿನೋಪತಿಯ (ಶುಗರ್‌ನಿಂದ ಕಣ್ಣಿನ ಒಳಪರದೆ ರೆಟಿನಾ ಕೆಡುವುದು) ತೊಡಕುಗಳು ಸೆಮಾಗ್ಲುಟೈಡ್ ಪಡೆದವರಲ್ಲೇ ಜಾಸ್ತಿ: 3.0%, ಇನ್ನೊಂದು ಗುಂಪಿನಲ್ಲಿ 1.8%. ಮೊದಲೇ ರೆಟಿನಾ ಕೆಟ್ಟವರಲ್ಲಿ ಸಕ್ಕರೆ ಸರ್ರನೆ ಇಳಿದದ್ದು ಕಾರಣವಿರಬಹುದು ಎನ್ನುತ್ತಾರೆ. ಇನ್ಸುಲಿನ್‌ನಲ್ಲೂ ಹೀಗಾಗುವುದುಂಟು. ಆದ್ದರಿಂದ ಔಷಧಿ ಶುರುವಾಗುವ ಮುನ್ನ ಕಣ್ಣು ನೋಡಿಸಬೇಕು. ಜೋಯಿಡಾದಿಂದ ಘಟ್ಟ ಇಳಿದು ಕಾರವಾರಕ್ಕೆ ಬರುವವರನ್ನು ಇದಕ್ಕೆಂದೇ ಇನ್ನೊಮ್ಮೆ ಕರೆಸುವುದಕ್ಕಿಂತ, ಮೂತ್ರದ ಆಲ್ಬುಮಿನ್ ಪರೀಕ್ಷೆಯ ದಿನವೇ ಕಣ್ಣಿನ ಪರೀಕ್ಷೆಯನ್ನೂ ಮುಗಿಸುವುದು ಒಳ್ಳೆಯದು.