ಪುಸ್ತಕ ಬರೆದಿದ್ದಕ್ಕೆ ಓಟದ ಬಾಗಿಲು ಮುಚ್ಚಿತು: ಡೊರೊಥಿ ಹೈಮನ್ ಮತ್ತು ಹವ್ಯಾಸಿ ನಿಯಮದ ಕಥೆ

1969ರ ಬೇಸಿಗೆ. ಇಂಗ್ಲೆಂಡಿನ ಮಹಿಳಾ ಅಥ್ಲೆಟಿಕ್ಸ್ ಸಂಘದ ಚಾಂಪಿಯನ್‌ಷಿಪ್‌ನಲ್ಲಿ 200 ಮೀಟರ್ ಓಟ ಗೆದ್ದವರು ಡೊರೊಥಿ ಹೈಮನ್. ಆಗ ಅವರಿಗೆ 28 ವರ್ಷ. ಅದೇ ಸೆಪ್ಟೆಂಬರ್‌ನಲ್ಲಿ ಅಥೆನ್ಸ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಇತ್ತು. ದೇಶದ ಚಾಂಪಿಯನ್ ಅಲ್ಲಿಗೆ ಹೋಗಬೇಕಿತ್ತು ಅಲ್ವಾ? ಹೈಮನ್ ಹೋಗುವಂತಿರಲಿಲ್ಲ. ಮೊದಲ ಸಲ ನಿವೃತ್ತಿಯಾದಾಗ ಅವರು ತಮ್ಮ ಆತ್ಮಕಥೆ ಪ್ರಕಟಿಸಿದ್ದರು, ಅದಕ್ಕೆ ಹಣ ಬಂದಿತ್ತು. ಓಟದ ಹೆಸರಿನಿಂದ ಹಣ ಪಡೆದವರು ಹವ್ಯಾಸಿಗಳಲ್ಲ ಎಂಬುದು ಆಗಿನ ನಿಯಮ. ಹವ್ಯಾಸಿ ಅಲ್ಲದವರಿಗೆ ಅಂತರರಾಷ್ಟ್ರೀಯ ಕೂಟಗಳಲ್ಲಿ ಜಾಗ ಇರಲಿಲ್ಲ.

ಈ ನಿಯಮ ಎಲ್ಲಿಂದ ಬಂತು ಎಂದು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು. 1866ರಲ್ಲಿ ಲಂಡನ್ನಿನಲ್ಲಿ ಅಮೆಚೂರ್ (ಅಂದರೆ ಹವ್ಯಾಸಿ) ಅಥ್ಲೆಟಿಕ್ ಕ್ಲಬ್ ಶುರುವಾಯಿತು. ಆ ಕಾಲದ ಹವ್ಯಾಸಿ ವ್ಯಾಖ್ಯೆ ಮೆಕ್ಯಾನಿಕ್‌ಗಳು, ಕುಶಲಕರ್ಮಿಗಳು, ಕೂಲಿಕಾರರನ್ನು ನೇರವಾಗಿ ಹೊರಗಿಟ್ಟಿತ್ತು. ಮೈಮುರಿದು ದುಡಿಯುವವರ ಜೊತೆ ಓಡಿ ಸೋಲುವುದು ದೊಡ್ಡ ಮನೆತನದವರಿಗೆ ಇಷ್ಟವಿರಲಿಲ್ಲ. ಇದರ ಬೇರು ವರ್ಗಭೇದದಲ್ಲೇ ಇತ್ತು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಆದರೆ ಹಣದ ಬಗ್ಗೆ ಇದ್ದ ಭಯ ಪೂರಾ ಸುಳ್ಳೂ ಅಲ್ಲ. ಯಾರ್ಕ್‌ಷೈರಿನ ಶೆಫೀಲ್ಡ್‌ನಲ್ಲಿ ಆಗ ಹಣಕ್ಕಾಗಿ ನಡೆಯುವ ಓಟಗಳು ಬಹಳ ಜನಪ್ರಿಯ. ಬೆಟ್ಟಿಂಗ್ ಜೋರಾಗಿತ್ತು. ಬೇಕಂತಲೇ ಸೋಲುವುದು, ಸಾಮರ್ಥ್ಯ ಮುಚ್ಚಿಡುವುದು ಎಲ್ಲವೂ ನಡೆಯುತ್ತಿತ್ತು. 1887ರಲ್ಲಿ ಲಂಡನ್ನಿನ ಲಿಲಿ ಬ್ರಿಡ್ಜ್ ಮೈದಾನದಲ್ಲಿ ಹ್ಯಾರಿ ಹಚೆನ್ಸ್ ಮತ್ತು ಹ್ಯಾರಿ ಜೆಂಟ್ ಎಂಬ ಇಬ್ಬರು ವೃತ್ತಿಪರ ಓಟಗಾರರ ಪಂದ್ಯ ನಿಗದಿಯಾಗಿತ್ತು. ಜನ ದುಡ್ಡು ಕೊಟ್ಟು ಒಳಗೆ ಬಂದರು, ಓಟ ಮಾತ್ರ ನಡೆಯಲೇ ಇಲ್ಲ. ಸಿಟ್ಟಿಗೆದ್ದ ಜನ ಮೈದಾನಕ್ಕೆ ಬೆಂಕಿ ಹಚ್ಚಿದರು.

ಅಷ್ಟರಲ್ಲಿ, 1880ರಲ್ಲೇ, ಆಕ್ಸ್‌ಫರ್ಡ್‌ನಲ್ಲಿ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತ್ತು. ಕೂಲಿಕಾರರೂ ಓಡಬಹುದು ಎಂದು ಅದು ಒಪ್ಪಿತು. ಆದರೆ ಹಣ ಮುಟ್ಟುವಂತಿಲ್ಲ. ಹೊರಗೆ ನೋಡಿದರೆ ಇದು ಎಲ್ಲರಿಗೂ ಸಮಾನ. ನಿಜದಲ್ಲಿ, ಮನೆಯಲ್ಲಿ ಹಣ ಇರುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಇಲ್ಲದವರಿಗೆ ಮಾತ್ರ ಪೆಟ್ಟು. ಈಗಿನ ಘಾನಾದ ಅಕ್ರಾದಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ 1886ರಲ್ಲಿ ಈ ಸಂಘದ ಕೂಟದಲ್ಲಿ 100 ಗಜವನ್ನು 10 ಸೆಕೆಂಡಿನಲ್ಲಿ ಓಡಿ ಚಾಂಪಿಯನ್ ಆದರು. ಆಮೇಲೆ ಹೊಟ್ಟೆಪಾಡಿಗೆ ವೃತ್ತಿಪರ ಓಟ, ಫುಟ್‌ಬಾಲ್, ಕೊನೆಗೆ ಯಾರ್ಕ್‌ಷೈರಿನ ಕಲ್ಲಿದ್ದಲು ಗಣಿ. 1930ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಹೈಮನ್ ಕೂಡ ಆ ಗಣಿ ಸೀಮೆಯವರೇ. 1941ರಲ್ಲಿ ಬಾರ್ನ್ಸ್ಲಿ ಹತ್ತಿರದ ಕಡ್‌ವರ್ತ್‌ನಲ್ಲಿ ಹುಟ್ಟಿದರು. ಅಪ್ಪ ಗಣಿ ಕಾರ್ಮಿಕ. ಮಗಳು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಕಚೇರಿಯಲ್ಲಿ ನಕ್ಷೆ ಟ್ರೇಸ್ ಮಾಡುವ ಕೆಲಸಕ್ಕೆ ಸೇರಿದರು. ಕೆಲಸದ ನಡುವೆಯೇ ಅಭ್ಯಾಸ.

1958ರ ಕಾರ್ಡಿಫ್ ಕಾಮನ್‌ವೆಲ್ತ್ ಕೂಟದಲ್ಲಿ ಇಂಗ್ಲೆಂಡಿನ ರಿಲೇ ತಂಡ ಚಿನ್ನ ಗೆದ್ದಾಗ ಅದರಲ್ಲಿ 17ರ ಹೈಮನ್ ಇದ್ದರು. ಅದೇ ಕೂಟದಲ್ಲಿ ನಮ್ಮ ಮಿಲ್ಖಾ ಸಿಂಗ್ 440 ಗಜ ಗೆದ್ದಿದ್ದು ಅನೇಕರಿಗೆ ನೆನಪಿರಬಹುದು. 1960ರಲ್ಲಿ ರೋಮ್ ಒಲಿಂಪಿಕ್ಸ್. ಅಮೆರಿಕದ ವಿಲ್ಮಾ ರುಡಾಲ್ಫ್ ಅವರನ್ನು ಆ ವರ್ಷ ಹಿಡಿಯುವವರೇ ಇರಲಿಲ್ಲ. 100 ಮೀಟರ್‌ನಲ್ಲಿ ಅವರ ಹಿಂದೆಯೇ ಗುರಿ ಮುಟ್ಟಿದವರು 19ರ ಹೈಮನ್. 200 ಮೀಟರ್‌ನಲ್ಲಿ ಕಂಚು. 1962ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಯುರೋಪಿನ 100 ಮೀಟರ್ ಚಿನ್ನ. ಅದೇ ವರ್ಷದ ಕೊನೆಗೆ ಪರ್ತ್ ಕಾಮನ್‌ವೆಲ್ತ್ ಕೂಟದಲ್ಲಿ 100 ಗಜ, 220 ಗಜ ಎರಡರಲ್ಲೂ ಚಿನ್ನ. ಒಂದೇ ವರ್ಷದಲ್ಲಿ ಇಷ್ಟು ಗೆದ್ದ ಹುಡುಗಿಗೆ ಬಹುಮಾನದ ಹಣ ಅಂತ ಒಂದು ಪೆನ್ನಿಯೂ ಇಲ್ಲ! 1963ರಲ್ಲಿ ಬಿಬಿಸಿಯ ವರ್ಷದ ಕ್ರೀಡಾಪಟು ಗೌರವ ಬಂತು. 1964ರ ಟೋಕಿಯೊದಲ್ಲಿ ರಿಲೇ ಕಂಚು ಗೆದ್ದು ನಿವೃತ್ತಿಯಾದರು. ಆಗಿನ್ನೂ 23.

ಸ್ಪ್ರಿಂಟರ್‌ಗೆ 23 ಮುಗಿಯುವ ವಯಸ್ಸಲ್ಲ. ಆದರೆ ದುಡಿದು ತಿನ್ನಬೇಕಾದವರು ಎಷ್ಟು ವರ್ಷ ಸುಮ್ನೆ ಓಡುತ್ತಾರೆ? ತನ್ನ ಬದುಕಿನ ಕಥೆಯನ್ನು ತಾನೇ ಹೇಳಿ ಹಣ ಪಡೆಯುವುದರಲ್ಲಿ ತಪ್ಪೇನಿದೆ? ಬೆಟ್ಟಿಂಗ್ ತಡೆಯಲು ಹಿಡಿದ ಕೋಲು ಪುಸ್ತಕ ಬರೆದವರ ಮೇಲೆ ಬಿತ್ತು. ನನಗೆ ಇದು ಅನ್ಯಾಯ ಅಂತಲೇ ಕಾಣುತ್ತದೆ. 1969ರಲ್ಲಿ ವಾಪಸ್ ಬಂದು ದೇಶದಲ್ಲಿ ಎಲ್ಲರನ್ನೂ ಸೋಲಿಸಿದರೂ ಅಥೆನ್ಸ್ ಇಲ್ಲ, ಮರುವರ್ಷದ ಎಡಿನ್‌ಬರೊ ಕಾಮನ್‌ವೆಲ್ತ್ ಕೂಟವೂ ಇಲ್ಲ.

ನಿಯಮ ಸಡಿಲವಾಗಿದ್ದು 1980ರ ದಶಕದಲ್ಲಿ. ಮೊದಲು ಅಥ್ಲೀಟ್‌ಗಳ ಹಣವನ್ನು ಟ್ರಸ್ಟ್ ಖಾತೆಯಲ್ಲಿ ಇಡಲು ಬಿಟ್ಟರು. ಆಮೇಲೆ ನೇರವಾಗಿ ಬಹುಮಾನದ ಹಣ ಬಂತು. 1990ರ ದಶಕದ ಕೊನೆಗೆ ಬ್ರಿಟನ್ನಿನ ನ್ಯಾಷನಲ್ ಲಾಟರಿಯ ಹಣ ತರಬೇತಿಗೆ ಹರಿಯತೊಡಗಿತು. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಡೀನಾ ಆಶರ್-ಸ್ಮಿತ್ 200 ಮೀಟರ್ ಅನ್ನು 21.88 ಸೆಕೆಂಡಿನಲ್ಲಿ ಓಡಿ, ವಿಶ್ವ ಸ್ಪ್ರಿಂಟ್ ಚಿನ್ನ ಗೆದ್ದ ಮೊದಲ ಬ್ರಿಟಿಷ್ ಮಹಿಳೆಯಾದರು. ಬಹುಮಾನ, ಪ್ರಾಯೋಜಕರ ಹಣ ಯಾವುದನ್ನೂ ಅವರು ಮುಚ್ಚಿಡಬೇಕಾಗಿರಲಿಲ್ಲ. ಕಡ್‌ವರ್ತ್‌ನ ಕ್ರೀಡಾಂಗಣಕ್ಕೆ ಈಗ ಡೊರೊಥಿ ಹೈಮನ್ ಹೆಸರಿದೆ.