ಕೈಮಾ ತೊಳೆದರೆ ಕೊಬ್ಬು ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದೆ, ಕೊಬ್ಬು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಭಾನುವಾರದ ಕೈಮಾ ಬಿಡಲು ಅವರು ಒಪ್ಪುತ್ತಿಲ್ಲ. ನಾನು ಕೈಮಾವನ್ನು ಮೂರ್ನಾಲ್ಕು ನೀರಲ್ಲಿ ತೊಳೆದೇ ಮಸಾಲೆ ಜೊತೆ ಕುಕ್ಕರಿಗೆ ಹಾಕುತ್ತೇನೆ. ಆದರೂ ಮುಚ್ಚಳ ತೆಗೆದಾಗ ಮೇಲೆ ಕೆಂಪಗೆ ಎಣ್ಣೆ ಕಟ್ಟಿರುತ್ತದೆ. ಕೊಬ್ಬು ತೆಗೆಯುವುದು ಹೇಗೆ? – ದಾವಣಗೆರೆಯ ಓದುಗರು

ಉತ್ತರ: ಹಸಿ ಕೈಮಾ ಎಷ್ಟು ಸಲ ತೊಳೆದರೂ ಕೊಬ್ಬು ಹೋಗುವುದಿಲ್ಲ. ಕುರಿಯ ನೆಣ ಪೂರ್ತಿ ಕರಗಲು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ನಲ್ಲಿ ನೀರಿನಲ್ಲಿ ಅದು ಮೇಣದ ಹಾಗೆ ಗಟ್ಟಿಯಾಗಿಯೇ ಇರುತ್ತದೆ, ನೀರಿನೊಡನೆ ಬೆರೆಯುವುದೂ ಇಲ್ಲ. ತೊಳೆದ ನೀರು ಕೆಂಪಗೆ ಬರುತ್ತದಲ್ಲ, ಅದು ಮಾಂಸದ ರಸ. ಅಂದರೆ ರುಚಿ ಮೋರಿಗೆ ಹೋಗುತ್ತದೆ, ನೆಣ ಪಾತ್ರೆಯಲ್ಲೇ ಉಳಿಯುತ್ತದೆ. ಜೊತೆಗೆ ಸಣ್ಣಗೆ ಹೊಡೆದ ಮಾಂಸ ನೀರು ಹಿಡಿದುಕೊಳ್ಳುವುದರಿಂದ ಆಮೇಲೆ ಎಷ್ಟು ಹುರಿದರೂ ಕೆಂಪಗಾಗದೆ ಬೇಯುತ್ತಾ ಕೂರುತ್ತದೆ. ಸಿಂಕಿನಲ್ಲಿ ತೊಳೆಯುವಾಗ ಸಿಡಿಯುವ ಹನಿಗಳೊಂದಿಗೆ ಹಸಿ ಮಾಂಸದ ರೋಗಾಣುಗಳು ಪಕ್ಕದ ತಟ್ಟೆ, ಸೊಪ್ಪಿನ ಮೇಲೂ ಬೀಳುತ್ತವೆ. ರೋಗಾಣು ಸಾಯುವುದು ಬಿಸಿಗೆ. ಕುರಿ, ಆಡಿನ ಕೈಮಾ ಒಳಗೂ 71 ಡಿಗ್ರಿ ಮುಟ್ಟಬೇಕು, ಕೋಳಿಯದಾದರೆ 74. ಕೈಮಾವನ್ನು ತಟ್ಟೆಯ ಮೇಲೆ ತೆಳ್ಳಗೆ ಹರಡಿ ಮೂಳೆ ಚೂರು ಆರಿಸಿ, ಅಷ್ಟು ಸಾಕು. ತೊಳೆಯಲೇಬೇಕು ಅನಿಸಿದರೆ ಇಡೀ ತುಂಡನ್ನು ತೊಳೆದು ಒರೆಸಿ, ಮನೆಯಲ್ಲೇ ಕೈಮಾ ಮಾಡಿಕೊಳ್ಳಿ.

ನೆಣ ಬಿಡಿಸಲು ಸರಿಯಾದ ಹೊತ್ತು ಎರಡೇ. ಒಂದು, ಅಂಗಡಿಯಲ್ಲಿ ಮಚ್ಚು ಬೀಳುವ ಮೊದಲು. ಇನ್ನೊಂದು, ಬಾಣಲೆಯಲ್ಲಿ ಮಸಾಲೆ ಬೀಳುವ ಮೊದಲು. ಈ ಎರಡೂ ದಾಟಿದ ಮೇಲೆ ಮಾಡುವುದೆಲ್ಲ ಅರೆಬರೆ ಕೆಲಸ.

ಅಂಗಡಿಯ ಮುಂದೆ

ಯಾವ ಪ್ರಾಣಿ, ಯಾವ ಭಾಗ ಎನ್ನುವುದರಲ್ಲೇ ಅರ್ಧ ಲೆಕ್ಕ ಮುಗಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯ ಪ್ರಕಾರ 100 ಗ್ರಾಂ ಕುರಿ ಮಾಂಸದಲ್ಲಿ ಸುಮಾರು 13 ಗ್ರಾಂ ಕೊಬ್ಬು, ಆಡಿನ ಮಾಂಸದಲ್ಲಿ 4 ಗ್ರಾಂಗಿಂತಲೂ ಕಡಿಮೆ. ಮಟನ್ ಎಂದರೆ ಎರಡೂ ಆಗಬಹುದು, ಆದ್ದರಿಂದ ಕುರಿಯೋ ಆಡೋ ಎಂದು ಕೇಳಿಯೇ ತೆಗೆದುಕೊಳ್ಳಿ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಹಿಂಡಿನಲ್ಲಿ ದಿನವಿಡೀ ಅಲೆದು ಮೇಯುವ ಕುರಿಗೂ ಮನೆ ಮುಂದೆ ಕಟ್ಟಿ ಕಾಳು-ಹಿಂಡಿ ತಿನ್ನಿಸಿ ಬೆಳೆಸಿದ ಟಗರಿಗೂ ನೆಣದಲ್ಲಿ ಬಹಳ ವ್ಯತ್ಯಾಸ. ದುಗ್ಗಮ್ಮನ ಜಾತ್ರೆ, ಹೊಸತೊಡಕಿನ ಸಮಯಕ್ಕೆ ಬರುವುದು ಹೆಚ್ಚಾಗಿ ಹೀಗೆ ಕೊಬ್ಬಿಸಿದ ಟಗರು. ಆಗ ಇನ್ನಷ್ಟು ಎಚ್ಚರ ಬೇಕು.

ಭಾಗ ಕೇಳುವಾಗ ಹಿಂದೊಡೆ ಕೇಳಿ. ಎದೆ, ಪಕ್ಕೆಲುಬಿನ ಮಾಂಸದಲ್ಲಿ ಪದರ ಪದರವಾಗಿ ನೆಣ ಕೂತಿರುತ್ತದೆ. "ಮೊದಲು ನೆಣ ಬಿಡಿಸಿ, ಆಮೇಲೆ ಕೈಮಾ ಹೊಡೀರಿ" ಅನ್ನಿ. ಈ ಒಂದು ಮಾತಿನಷ್ಟು ಕೆಲಸ ಮಾಡುವ ಉಪಾಯ ಮನೆಯಲ್ಲಿ ಯಾವುದೂ ಇಲ್ಲ. ತೂಕಕ್ಕೆ ದುಡ್ಡು ಕೊಟ್ಟ ಮೇಲೆ ನೆಣ ಬಿಡಿಸಿದರೆ ನಷ್ಟ ಅನಿಸಬಹುದು, ಆದರೆ ಆ ನೆಣ ಮನೆಗೆ ಬಂದರೂ ಹೊರಗೆ ಹೋಗಬೇಕಾದದ್ದೇ. ಮೊದಲೇ ಹೊಡೆದು ರಾಶಿ ಹಾಕಿಟ್ಟ ಕೈಮಾ ಬೇಡ. ಅದರಲ್ಲಿ ಏನೇನು ಸೇರಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮಿಷಿನ್ನಿನಲ್ಲಿ ತಿರುವಿಸಿದರೆ ಹಿಂದಿನವರ ಮಾಂಸದ ನೆಣವೂ ಸ್ವಲ್ಪ ಬರುತ್ತದೆ. ಮರದ ದಿಮ್ಮಿಯ ಮೇಲೆ ಕೈಯಲ್ಲಿ ಹೊಡೆಸಿದ್ದೇ ವಾಸಿ. ಕೋಳಿ ಕೈಮಾ ಆದರೆ ಚರ್ಮ ಸುಲಿದ ಎದೆ ಭಾಗವನ್ನು ನಿಮ್ಮೆದುರೇ ಮಾಡಿಸಿ, ಕೋಳಿಯ ಕೊಬ್ಬಿನ ಬಹುಪಾಲು ಚರ್ಮ ಮತ್ತು ಅದರ ಅಡಿಯಲ್ಲಿರುತ್ತದೆ.

ಮನೆಯಲ್ಲೇ ಕೊಚ್ಚುವವರು ಮಾಂಸವನ್ನು ಫ್ರೀಜರಿನಲ್ಲಿ 20-30 ನಿಮಿಷ ಇಟ್ಟು ತೆಗೆಯಿರಿ. ನೆಣ ಗಟ್ಟಿಯಾಗಿ ಬೆಳ್ಳಗೆ ಎದ್ದು ಕಾಣುತ್ತದೆ, ಚಾಕುವಿಗೆ ಜಾರದೆ ಸಿಗುತ್ತದೆ.

ಬಾಣಲೆಯಲ್ಲಿ

ಅರ್ಧ ಕೆಜಿ ಕುರಿ ಕೈಮಾಕ್ಕೆ ಅಗಲ ಬಾಯಿಯ, ದಪ್ಪ ತಳದ ಬಾಣಲೆ ಬೇಕು. ಎಣ್ಣೆ ಬೇಡ, ಉಪ್ಪೂ ಬೇಡ, ಯಾಕೆಂದರೆ ಮೊದಲೇ ಉಪ್ಪು ಬಿದ್ದರೆ ಮಾಂಸ ಇನ್ನಷ್ಟು ನೀರು ಬಿಡುತ್ತದೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಕೈಮಾ ಹರಡಿ, ಎರಡು ನಿಮಿಷ ಮುಟ್ಟದೆ ಬಿಡಿ. ಆಮೇಲೆ ಚಪ್ಪಟೆ ಸೌಟಿನಿಂದ ಗಂಟು ಒಡೆಯುತ್ತಾ ಬನ್ನಿ. ಗಂಟಿನ ಒಳಗಿನ ನೆಣ ಹೊರಗೆ ಬರಲಾರದು, ಹಾಗಾಗಿ ಎಷ್ಟು ಪುಡಿಯಾದರೆ ಅಷ್ಟು ಒಳ್ಳೆಯದು.

ಮೊದಲ ಐದಾರು ನಿಮಿಷ ಹೊರಗೆ ಬರುವುದು ನೀರು, ನೆಣ ಅಲ್ಲ. ಮಾಂಸ ಬೂದು ಬಣ್ಣಕ್ಕೆ ತಿರುಗಿ ಮಬ್ಬು ರಸದಲ್ಲಿ ಕುದಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ. ಇದೇ ಕೊಬ್ಬು ಎಂದುಕೊಂಡು ಬಸಿದುಬಿಡುತ್ತಾರೆ. ಬಸಿಯಬೇಡಿ, ಅದು ಮಾಂಸದ ಸಾರ. ಉರಿ ಹೆಚ್ಚೇ ಇರಲಿ, ನೀರು ಇಂಗಲಿ. ನೀರಿರುವ ತನಕ ಬಾಣಲೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ, ಮಾಂಸ ಕೆಂಪಾಗುವುದಿಲ್ಲ. ನೀರು ಮುಗಿದದ್ದು ಕಿವಿಗೇ ಗೊತ್ತಾಗುತ್ತದೆ: ಗುಳುಗುಳು ಸದ್ದು ನಿಂತು ಚುರುಚುರು ಎನ್ನಲು ಶುರುವಾಗುತ್ತದೆ. ಈಗ ತಳದಲ್ಲಿ ಕಾಣುವ ತಿಳಿಯಾದ ದ್ರವವೇ ಕರಗಿದ ನೆಣ. ಇನ್ನೆರಡು ಮೂರು ನಿಮಿಷ ಹುರಿದು, ಅಂದರೆ ಒಟ್ಟು 10-12 ನಿಮಿಷಕ್ಕೆ, ಉರಿ ಆರಿಸಿ. ಹೊಗೆ ಏಳುವ ತನಕ ಬಿಟ್ಟರೆ ಕೈಮಾ ಒಣಗಿ ಕಲ್ಲುಸಕ್ಕರೆಯಂತೆ ಗಟ್ಟಿಯಾಗುತ್ತದೆ, ಮತ್ತೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದು ಕಷ್ಟ.

ಕೈಮಾವನ್ನು ಬಾಣಲೆಯ ಒಂದು ಬದಿಗೆ ಒತ್ತಿ, ಆ ಬದಿಯ ಅಡಿಗೆ ಒಂದು ಬಟ್ಟಲಿಟ್ಟು ಓರೆ ಮಾಡಿ. ಎರಡು ನಿಮಿಷದಲ್ಲಿ ನೆಣ ಕೆಳಗೆ ಇಳಿಯುತ್ತದೆ, ಚಮಚದಿಂದ ಸ್ಟೀಲ್ ಬಟ್ಟಲಿಗೆ ತೆಗೆಯಿರಿ. ನಂತರ ಕೈಮಾವನ್ನು ಸಣ್ಣ ತೂತಿನ ಸ್ಟೀಲ್ ಬುಟ್ಟಿಗೆ ಸುರಿದು ಅಲ್ಲಾಡಿಸಿ, ಇನ್ನೊಂದಷ್ಟು ಇಳಿಯುತ್ತದೆ. ಇದೆಲ್ಲ ಬಿಸಿಯಿರುವಾಗಲೇ ಆಗಬೇಕು. ಫೋನ್ ಬಂತೆಂದು ಹತ್ತು ನಿಮಿಷ ಬಿಟ್ಟರೆ, ಅದರಲ್ಲೂ ಚಳಿಗಾಲದಲ್ಲಿ, ನೆಣ ಮತ್ತೆ ಹೆಪ್ಪುಗಟ್ಟಿ ಮಾಂಸಕ್ಕೇ ಅಂಟುತ್ತದೆ. ಕೊನೆಗೆ ಅಡುಗೆಮನೆಯ ಟಿಶ್ಯೂ ಕಾಗದದ ಮೇಲೆ ಒಂದು ನಿಮಿಷ ಹರಡಿ. ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡು ಬಂದ ರೂಢಿಯಿಂದ ನ್ಯೂಸ್ ಪೇಪರಿಗೆ ಕೈ ಹೋಗುತ್ತದೆ, ದಯವಿಟ್ಟು ಬೇಡ. ಬಿಸಿ ಜಿಡ್ಡು ಅದರ ಶಾಯಿಯನ್ನು ಊಟಕ್ಕೆ ಇಳಿಸುತ್ತದೆ.

ಸಾಧಾರಣ ನೆಣವಿರುವ ಅರ್ಧ ಕೆಜಿಯಲ್ಲಿ ಹೀಗೆ ಮೂರು-ನಾಲ್ಕು ಟೇಬಲ್ ಚಮಚ ನೆಣ ಸಿಗುತ್ತದೆ. ನಾಲ್ಕು ಚಮಚ ಎಂದರೆ ಸುಮಾರು 50 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 450 ಕ್ಯಾಲೊರಿ. ಆಡಿನ ಕೈಮಾದಲ್ಲಿ ಬಸಿಯುವಷ್ಟು ಏನೂ ಬರದಿರಬಹುದು, ಅದಕ್ಕೆ ಒಂದು ಟೀ ಚಮಚ ಎಣ್ಣೆ ಸವರಿಯೇ ಹುರಿಯಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಮಸಾಲೆ ಯಾಕೆ ಆಮೇಲೆ?

ನಿಮ್ಮ ಕುಕ್ಕರಿನಲ್ಲಿ ಕಟ್ಟಿದ ಎಣ್ಣೆ ಕೆಂಪಗಿತ್ತು ಎಂದಿರಿ. ಆ ಕೆಂಪು ಮೆಣಸಿನಕಾಯಿಯದು. ಬ್ಯಾಡಗಿಯ ಬಣ್ಣ, ಮೆಣಸಿನ ಖಾರ, ಚಕ್ಕೆ-ಲವಂಗದ ಘಮ ಇವೆಲ್ಲ ನೀರಿಗಿಂತ ಕೊಬ್ಬಿನಲ್ಲೇ ಚೆನ್ನಾಗಿ ಕರಗುತ್ತವೆ. ಹಾಗಾಗಿ ಮಸಾಲೆ ಹಾಕಿ ಬೇಯಿಸಿದ ಮೇಲೆ ಎಣ್ಣೆ ತೆಗೆದರೆ ಮಸಾಲೆಯನ್ನೂ ತೆಗೆದಂತೆಯೇ. ಕೊಬ್ಬು ತೆಗೆದ ಕೈಮಾ ಸಪ್ಪೆ ಎಂಬ ದೂರು ಹುಟ್ಟುವುದು ಇಲ್ಲಿಂದ. ಮೊದಲು ಖಾಲಿ ಮಾಂಸದಿಂದ ನೆಣ ಇಳಿಸಿ, ಆಮೇಲೆ ಅಳತೆಯ ಎಣ್ಣೆಯಲ್ಲಿ ಮಸಾಲೆ ಹುರಿದರೆ ಒಂದು ಹನಿಯೂ ವ್ಯರ್ಥವಾಗದು.

ಅದೇ ಬಾಣಲೆಗೆ ಎರಡು ಟೀ ಚಮಚ ಶೇಂಗಾ ಎಣ್ಣೆ ಹಾಕಿ. ಚಕ್ಕೆ, ಲವಂಗ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ ಹಾಕಿ ಹುರಿಯಿರಿ. ಎಣ್ಣೆ ಕಡಿಮೆಯಾದ್ದರಿಂದ ಈರುಳ್ಳಿ ಅಂಟುತ್ತದೆ, ಆಗ ಎಣ್ಣೆಯ ಡಬ್ಬಿ ಎತ್ತಬೇಡಿ. ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಡಿ. ಮಾಂಸ ಹುರಿದ ತಳದಲ್ಲಿ ಅಂಟಿದ ಕಂದು ಪದರವೂ ಆ ನೀರಿಗೆ ಬಿಟ್ಟುಕೊಂಡು ಈರುಳ್ಳಿಗೆ ಸೇರುತ್ತದೆ. ಒಂದೂವರೆ ಟೇಬಲ್ ಚಮಚ ಶುಂಠಿ-ಬೆಳ್ಳುಳ್ಳಿ ಹಾಕಿ ಹಸಿ ವಾಸನೆ ಹೋಗಲಿ. ಎರಡು ಟೀ ಚಮಚ ಖಾರದ ಪುಡಿ, ಎರಡು ಟೀ ಚಮಚ ಧನಿಯಾ, ಚಿಟಿಕೆ ಅರಿಸಿನವನ್ನು ನೇರ ಸುರಿಯದೆ ಕಾಲು ಲೋಟ ನೀರಿನಲ್ಲಿ ಕಲಸಿ ಹಾಕಿ. ಕಡಿಮೆ ಎಣ್ಣೆಯಲ್ಲಿ ಒಣ ಪುಡಿ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಮಸಾಲೆ ಎಣ್ಣೆ ಬಿಟ್ಟುಕೊಳ್ಳಬೇಕು ಎಂಬ ಹಳೆಯ ಗುರುತು ಇಲ್ಲಿ ಕಾಣಿಸದು. ಮಸಾಲೆ ಬಾಣಲೆಯ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಬರುವುದೇ ಗುರುತು. ಈಗ ಕೈಮಾ, ಉಪ್ಪು, ಒಂದು ಲೋಟ ನೀರು. ಬೇಕಾದರೆ ಎಲ್ಲವನ್ನೂ ಕುಕ್ಕರಿಗೆ ಬಗ್ಗಿಸಿ ಮೂರು ಕೂಗು ಕೂಗಿಸಿ, ಬಲಿತ ಟಗರಾದರೆ ಇನ್ನೆರಡು. ಒಂದು ಕಟ್ಟು ಮೆಂತ್ಯ ಸೊಪ್ಪು ಅಥವಾ ಒಂದು ಬಟ್ಟಲು ಅವರೆಕಾಳು ಸೇರಿಸಿದರೆ ತಲೆಗೆ ಬರುವ ಮಾಂಸದ ಪಾಲೂ ಇಳಿಯುತ್ತದೆ, ರೊಟ್ಟಿಗೂ ಮುದ್ದೆಗೂ ಪಲ್ಯ ಸಾಲುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ಒಣಕೊಬ್ಬರಿ ಅರೆದು ಹಾಕಿದರೆ ತೆಗೆದದ್ದು ವಾಪಸ್ ಬಂದ ಹಾಗೆ. ಒಣಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಣ್ಣೆಯೇ. 50 ಗ್ರಾಂ ಕೊಬ್ಬರಿಯಲ್ಲಿ 30 ಗ್ರಾಂ ಆಸುಪಾಸು ಎಣ್ಣೆ ಇರುತ್ತದೆ, ಅದೂ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಡಾಕ್ಟರು ಕಡಿಮೆ ಮಾಡಿ ಎನ್ನುವುದು ಮುಖ್ಯವಾಗಿ ಆ ಜಾತಿಯ ಕೊಬ್ಬನ್ನು. ಸಾರು ಮಂದ ಬರಲು ಎರಡು ಚಮಚ ಪುಟಾಣಿ ಪುಡಿ, ಕೆಂಪಗೆ ಹುರಿದು ಅರೆದ ಈರುಳ್ಳಿ ಸಾಕು. ಕೊಬ್ಬರಿಯ ರುಚಿ ಬೇಕೇ ಬೇಕೆಂದರೆ ಒಂದು ಟೀ ಚಮಚ ತುರಿಯನ್ನು ಹುರಿದು ಮೇಲೆ ಉದುರಿಸಿ.

ಇನ್ನೂ ಕಡಿಮೆ ಆಗಬೇಕೆಂದರೆ

ತೊಳೆಯುವ ಆಸೆಗೆ ಸರಿಯಾದ ಜಾಗ ಇದು. ನೆಣ ಬಸಿದ ಕೈಮಾವನ್ನು ಬುಟ್ಟಿಯಲ್ಲಿಟ್ಟು, ಕುದಿಯುವ ಬಿಸಿಯ ಒಂದು ಲೀಟರ್ ನೀರನ್ನು ನಿಧಾನಕ್ಕೆ ಮೇಲಿನಿಂದ ಹೊಯ್ಯಿರಿ, ಐದು ನಿಮಿಷ ಸೋರಲು ಬಿಡಿ. ಮಾಂಸದ ಚೂರುಗಳ ಮೇಲೆ ಅಂಟಿ ಉಳಿದ ನೆಣ ಇದರಲ್ಲಿ ಹೋಗುತ್ತದೆ. ಕೆಳಗೆ ದೊಡ್ಡ ಪಾತ್ರೆ ಇರಲಿ, ನೀರು ಸಿಂಕಿಗೆ ಹೋಗದಿರಲಿ. ತಣ್ಣೀರು, ಉಗುರುಬೆಚ್ಚಗಿನ ನೀರು ಎರಡೂ ಕೂಡದು, ನೆಣ ಅಲ್ಲೇ ಹೆಪ್ಪಾಗುತ್ತದೆ. ಸ್ವಲ್ಪ ರುಚಿ, ನೀರಿನಲ್ಲಿ ಕರಗುವ ಬಿ ವಿಟಮಿನ್ನುಗಳೂ ಇದರೊಂದಿಗೆ ಹೋಗುತ್ತವೆ. ಹಾಗಾಗಿ ಎಲ್ಲರಿಗೂ ಇದು ಬೇಕಿಲ್ಲ. ನಿಮ್ಮ ಯಜಮಾನರಂತೆ ವೈದ್ಯರ ಸಲಹೆ ಇರುವವರಿಗೆ ಮಾತ್ರ ಯೋಗ್ಯ. ಒಂದು ಮಾತು ಅವರಿಗೂ ತಿಳಿದಿರಲಿ: ಕೊಲೆಸ್ಟ್ರಾಲ್ ನೆಣದಲ್ಲಷ್ಟೇ ಅಲ್ಲ, ಕೆಂಪು ಮಾಂಸದ ಒಳಗೂ ಇರುತ್ತದೆ, ಅದು ಬಸಿದರೆ ಹೋಗದು. ಬಸಿಯುವುದರಿಂದ ದೊಡ್ಡ ಲಾಭ ಸ್ಯಾಚುರೇಟೆಡ್ ಕೊಬ್ಬು ಕಡಿಮೆಯಾಗುವುದು. ತಟ್ಟೆಗೆ ಎಷ್ಟು, ವಾರಕ್ಕೆ ಎಷ್ಟು ಸಲ ಎಂಬುದನ್ನು ಡಾಕ್ಟರನ್ನೇ ಕೇಳಬೇಕು.

ಕೈಮಾ ಉಂಡೆಗೆ ಈ ದಾರಿ ಹೊಂದುವುದಿಲ್ಲ. ಹುರಿದ ಮಾಂಸ ಒಂದಕ್ಕೊಂದು ಅಂಟದೆ ಉಂಡೆ ಸಾರಿನಲ್ಲಿ ಒಡೆದುಹೋಗುತ್ತದೆ. ಅಲ್ಲಿ ಹಸಿ ಮಾಂಸವೇ ಬೇಕು, ಹಾಗಾಗಿ ಅಂಗಡಿಯಲ್ಲೇ ನೆಣ ಬಿಡಿಸಿರಬೇಕು. ಉಂಡೆಗೆ ಸೇರಿಸುವ ಪುಟಾಣಿ ಪುಡಿ ಕರಗಿದ ನೆಣವನ್ನು ಹೀರಿ ಒಳಗೇ ಹಿಡಿದಿಡುತ್ತದೆ, ಆದ್ದರಿಂದ ಅರ್ಧ ಕೆಜಿಗೆ ಮೂರು ಟೇಬಲ್ ಚಮಚ ದಾಟಬೇಡಿ. ಎಣ್ಣೆಯಲ್ಲಿ ಕರಿಯದೆ ಇಡ್ಲಿ ಪಾತ್ರೆಯಲ್ಲಿ 12-15 ನಿಮಿಷ ಹಬೆಗೆ ಬೇಯಿಸಿ. ತಟ್ಟೆಯಲ್ಲಿ ಇಳಿದು ನಿಂತ ಜಿಡ್ಡನ್ನು ಚೆಲ್ಲಿ, ಉಂಡೆ ಮಾತ್ರ ಸಾರಿಗೆ ಬಿಡಿ. ಪೂರ್ತಿ ನೆಣವಿಲ್ಲದ ಮಾಂಸದ ಉಂಡೆ ಬಿರುಸಾಗುತ್ತದೆ, ಎರಡು ಚಮಚ ಅರೆದ ಈರುಳ್ಳಿ ಅದನ್ನು ಸರಿಮಾಡುತ್ತದೆ.

ಈಗಾಗಲೇ ಮಾಡಿಟ್ಟ ತೆಳು ಸಾರಾದರೆ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮೇಲೆ ಕೆನೆಯಂತೆ ಕಟ್ಟಿದ ನೆಣವನ್ನು ಚಮಚದಿಂದ ಎತ್ತಿ ತೆಗೆಯಬಹುದು. ಅರೆದ ಮಸಾಲೆಯ ಮಂದ ಸಾರಿನಲ್ಲಿ ಇದು ಅಷ್ಟಾಗಿ ನಡೆಯದು. ಕುಕ್ಕರಿನ ಕುದಿತಕ್ಕೆ ನೆಣ ಸಣ್ಣ ಸಣ್ಣ ಹನಿಯಾಗಿ ಮಸಾಲೆಯೊಳಗೆ ಸೇರಿಕೊಂಡಿರುತ್ತದೆ, ಮೇಲೆ ತೇಲುವುದು ಅದರ ಒಂದು ಭಾಗ ಮಾತ್ರ. ನೀವು ಇಷ್ಟು ದಿನ ಕಂಡ ಕೆಂಪು ಎಣ್ಣೆಯೂ ಅಷ್ಟೇ, ಉಳಿದದ್ದು ಸಾರಿನೊಳಗೇ ಇತ್ತು.

ಬಸಿದ ನೆಣವನ್ನು ಎಂದೂ ಸಿಂಕಿಗೆ ಸುರಿಯಬೇಡಿ. ಬಿಸಿಯಾಗಿ ಹೋದದ್ದು ಪೈಪಿನಲ್ಲಿ ತಣಿದು ಮೇಣದಂತೆ ಕಟ್ಟಿಕೊಳ್ಳುತ್ತದೆ. ಬಟ್ಟಲಿನಲ್ಲೇ ಗಟ್ಟಿಯಾಗಲು ಬಿಟ್ಟು, ಕೆರೆದು ಕಾಗದದಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕಿ. ಬಿಸಿನೀರಿನಲ್ಲಿ ತೊಳೆದ ಪಾತ್ರೆಯ ನೀರನ್ನೂ ತಣಿಯಲು ಬಿಟ್ಟು, ಮೇಲೆ ಕಟ್ಟಿದ ಪದರ ಎತ್ತಿದ ಮೇಲೆಯೇ ಚೆಲ್ಲಿ.