ಪೆನ್ ಸ್ಟ್ಯಾಂಡ್ ಅಮ್ಮ ಮಾಡಿದ್ದು, ಗ್ರೇಡ್ ನಮ್ಮದು: ಶಾಲೆಲಿ ‘ಸಮಾಜಸೇವೆ’ ಬಂದ ದಾರಿ

ಎಸ್‌ಯುಪಿಡಬ್ಲ್ಯೂ (ಸೋಷಿಯಲಿ ಯೂಸ್‌ಫುಲ್ ಪ್ರೊಡಕ್ಟಿವ್ ವರ್ಕ್, ಅಂದ್ರೆ ಸಮಾಜಕ್ಕೆ ಉಪಯೋಗ ಆಗೋ ಕೈಕೆಲಸ ಕಲಿಸೋ ಶಾಲೆ ಪೀರಿಯಡ್) ಅಂದ ತಕ್ಷಣ ನಂಗೆ ನೆನಪಾಗೋದು ಐಸ್‌ಕ್ರೀಂ ಕಡ್ಡಿ, ಫೆವಿಕಾಲ್, ಮತ್ತೆ ರಾತ್ರಿ ಹತ್ತು ಗಂಟೆಗೆ ಗೊಣಗ್ತಾ ಪೆನ್ ಸ್ಟ್ಯಾಂಡ್ ಅಂಟಿಸ್ತಿದ್ದ ಅಮ್ಮ. ಕನ್ನಡ ಮೀಡಿಯಂನವ್ರಿಗೆ ಅದೇ ಕಾರ್ಯಾನುಭವ, ಇಲ್ಲಾಂದ್ರೆ ಶನಿವಾರದ ಶ್ರಮದಾನ, ಫೀಲ್ಡಲ್ಲಿ ಪಾರ್ಥೇನಿಯಂ ಕೀಳೋದು. ‘ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್’ ಅಂತ ಹುಡುಗ್ರು ಆಡ್ಕೊಳ್ತಿದ್ದಿದ್ದು ಸುಮ್ನೆ ಅಲ್ಲ ಬಿಡಿ.

ಆದ್ರೆ ಇದು ಶುರುವಾದಾಗ ಹಿಂಗಿರ್ಲಿಲ್ಲ. 1937ರ ಅಕ್ಟೋಬರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಒಂದು ಶಿಕ್ಷಣ ಸಮ್ಮೇಳನ ಕರೆದ್ರು, ಜಾಕಿರ್ ಹುಸೇನ್ ಅವ್ರ ನೇತೃತ್ವದಲ್ಲಿ ಸಮಿತಿ ಆಯ್ತು, ಅಲ್ಲಿಂದ ಬಂದಿದ್ದೇ ನಯೀ ತಾಲೀಮ್, ಅಂದ್ರೆ ಹೊಸ ಶಿಕ್ಷಣ. ನೂಲೋದು, ಬೇಸಾಯ, ಮರಗೆಲಸ ಇವೆಲ್ಲ ಪಾಠದ ಜೊತೆಗಿನ ಉಪ್ಪಿನಕಾಯಿ ಅಲ್ಲ, ಅವೇ ಊಟ, ಗಣಿತ ವಿಜ್ಞಾನ ಎಲ್ಲಾ ಅದ್ರ ಮೂಲಕನೇ ಕಲೀಬೇಕು ಅನ್ನೋದು ಲೆಕ್ಕಾಚಾರ. ಗಾಂಧೀಜಿ ಆಶ್ರಮ ಇದ್ದ ಸೇವಾಗ್ರಾಮದಲ್ಲಿ ಪಾಯಿಖಾನೆ ಕ್ಲೀನ್ ಮಾಡೋದೂ ಕಲಿಕೆನೇ ಆಗಿತ್ತು. ಯಾಕಂದ್ರೆ ಕೈಕೆಲಸ, ಕೊಳೆ ಕೆಲಸ ಅಂದ್ರೆ ಇಂತಿಂಥ ಜಾತಿಯವ್ರದ್ದು ಅಂತಿದ್ದ ಊರಲ್ಲಿ ಎಲ್ಲಾ ಮಕ್ಕಳ ಕೈಗೂ ಪೊರಕೆ ಕೊಡೋದು ಸಣ್ಣ ವಿಷಯ ಆಗಿರ್ಲಿಲ್ಲ.

ಸ್ವಾತಂತ್ರ್ಯ ಬಂದ್ಮೇಲೆ ಅದು ನಿಧಾನಕ್ಕೆ ಸವೀತು. ಒಳ್ಳೆ ನೌಕರಿ ಬೇಕಾದವ್ರು ಪುಸ್ತಕದ ಶಾಲೆಗೇ ಹೋದ್ರು, ಚರಕದ ಶಾಲೆ ಬಡವ್ರ ಶಾಲೆ ಅನ್ನಿಸ್ಕೊಳ್ತು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ, ಸಮಾಜಸೇವೆ ಎರಡೂ ಶಾಲೆಲಿ ಇರ್ಲೇಬೇಕು ಅಂತು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಬಂತು, ಅದು ಮೊದಲು 37 ಯೂನಿವರ್ಸಿಟಿಗಳಲ್ಲಿ. ಹೈಸ್ಕೂಲಿಗೆ ಸಿಕ್ಕಿದ್ದು 1977ರ ಈಶ್ವರಭಾಯಿ ಪಟೇಲ್ ಸಮಿತಿ ಇಟ್ಟ ಹೆಸ್ರು, ಅದೇ ಎಸ್‌ಯುಪಿಡಬ್ಲ್ಯೂ. ಪೀರಿಯಡ್ ಸಿಕ್ತು, ಆದ್ರೆ ಪಬ್ಲಿಕ್ ಪರೀಕ್ಷೆಲಿ ಬರಲ್ವಲ್ಲ, ಅದಕ್ಕೇ ಎಷ್ಟೋ ಕಡೆ ಆ ಪೀರಿಯಡ್ನ ಮ್ಯಾಥ್ಸ್ ಮೇಷ್ಟ್ರು ಇಸ್ಕೊಂಡ್ಬಿಟ್ರು.

ಅಮೆರಿಕದಲ್ಲಿ ಜಗಳ ಬೇರೆ ಥರದ್ದು. ಮೇರಿಲ್ಯಾಂಡ್ ರಾಜ್ಯ 1992ರಲ್ಲಿ ಹೈಸ್ಕೂಲ್ ಪಾಸಾಗೋಕೆ 75 ಗಂಟೆ ಸೇವೆ ಕಡ್ಡಾಯ ಮಾಡ್ತು. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿ 60 ಗಂಟೆ ಅಂದಿದ್ದಕ್ಕೆ ಪೋಷಕರು ಕೋರ್ಟಿಗೇ ಹೋದ್ರು, ಗುಲಾಮಗಿರಿ ನಿಷೇಧಿಸೋ ಅಮೆರಿಕ ಸಂವಿಧಾನದ 13ನೇ ತಿದ್ದುಪಡಿ ಪ್ರಕಾರ ಇದು ಬಿಟ್ಟಿ ಚಾಕರಿ ಅಂತ ವಾದ! 1993ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಕೆನಡಾದ ಒಂಟಾರಿಯೋದಲ್ಲಿ 40 ಗಂಟೆ, ಟೊರಾಂಟೊ ಕಡೆ ಇರೋ ನಮ್ಮೋರ ಮಕ್ಕಳೂ ಅದನ್ನ ತುಂಬಿಸ್ಲೇಬೇಕಾಗಿ ಬಂದಿದೆ.

ಬಿಟ್ಟಿ ಚಾಕರಿ ಅಂದಾಗ ನಂಗೆ ನಗು ಬಂದಿತ್ತು, ಆಮೇಲೆ ಬರ್ಲಿಲ್ಲ. 2023ರ ಡಿಸೆಂಬರಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ರು, ಅರೆಸ್ಟೂ ಆಯ್ತು. ಅದನ್ನ ಯಾರೂ ಸಮಾಜಸೇವೆ ಅನ್ನಲಿಲ್ಲ, ಸರಿ. ಆದ್ರೆ ‘ಮಕ್ಕಳು ಕೆಲಸ ಕಲೀಲಿ ಬಿಡಿ’ ಅನ್ನೋ ಮಾತು ಸರ್ಕಾರಿ ಶಾಲೆಗಳ ಸುತ್ತ ಎಷ್ಟು ಸಲ ಕೇಳಿಲ್ಲ ನಾವು? ಎಲ್ರೂ ಹಿಡೀಲಿ ಅಂತ ತಂದ ಪೊರಕೆ, ತಿರ್ಗಾ ಯಾರ ಕೈಲಿತ್ತೋ ಅವ್ರ ಮಕ್ಕಳ ಕೈಗೇ ಬಂದು ನಿಂತಿದೆ.

ಇನ್ನೊಂದ್ಕಡೆ ಐಸಿಎಸ್‌ಇಲಿ ಎಸ್‌ಯುಪಿಡಬ್ಲ್ಯೂ ಜೊತೆ ಸಮಾಜಸೇವೆಗೂ ಸೇರಿ ಶಾಲೆನೇ ಗ್ರೇಡ್ ಕೊಡುತ್ತೆ, ಸಿಬಿಎಸ್‌ಇ 2018ರಲ್ಲಿ 9ರಿಂದ 12ನೇ ಕ್ಲಾಸಿಗೆ ‘ಸೇವಾ’ ಅಂತ ಪ್ರಾಜೆಕ್ಟ್ ತಂತು, ದೈಹಿಕ ಶಿಕ್ಷಣದ ಜೊತೆ ಸೇರಿಸಿ. ರಿಪೋರ್ಟಿಗೆ ಫೋಟೋ ಬೇಕಲ್ಲ, ಹೊಸ ಗ್ಲೌಸ್ ಹಾಕ್ಕೊಂಡು ಗೇಟ್ ಹತ್ರ ಹತ್ತು ನಿಮಿಷ ಗುಡಿಸ್ತಾರೆ, ಪೋಸ್ ಮುಗಿದ್ಮೇಲೆ ಪೊರಕೆ ವಾಪಸ್ ಆಯಮ್ಮನ ಕೈಗೆ.